ಮೂರನೇ ಕ್ಲಾಸಿನ ಚಾರ್ಟಿನಲ್ಲಿ ಚಿಪ್ಪುಹಂದಿಯನ್ನು ಎಲ್ಲಿ ಅಂಟಿಸೋದು?

ಶಿಡ್ಲಘಟ್ಟ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೇ ಕೂರುತ್ತಾರೆ. ಈ ವಾರ ಪ್ರಾಣಿಗಳ ಮೈಹೊದಿಕೆ ಪಾಠ. ಗೋಡೆಗೆ ದೊಡ್ಡ ಚಾರ್ಟ್ ಹಾಕಿ ನಾಲ್ಕು ಕಾಲಂ ಎಳೆದೆ: ಕೂದಲು, ಗರಿ, ಹುರುಪೆ, ಬರೀ ಚರ್ಮ. ಮಕ್ಕಳು ಚಿತ್ರ ತಂದು ಅಂಟಿಸಬೇಕು. ಹಸು, ಮೇಕೆ, ನಾಯಿ ಕೂದಲಿಗೆ ಹೋದವು. ಕೋಳಿ, ಕಾಗೆ ಗರಿಗೆ. ಮೀನು, ಹಾವು, ಹಲ್ಲಿ ಹುರುಪೆಗೆ. ಕಪ್ಪೆ ಚರ್ಮಕ್ಕೆ. ಎಲ್ಲ ಸಲೀಸಾಗಿ ನಡೆಯಿತು.

ಆಮೇಲೆ ಒಬ್ಬ ಹುಡುಗ ಚಿಪ್ಪುಹಂದಿ ಚಿತ್ರ ತಂದ. ಅವನ ತಾತ ಬೆಟ್ಟದ ಕಡೆ ಕುರಿ ಮೇಯಿಸುವಾಗ ಅದನ್ನು ನೋಡಿದ್ದರಂತೆ. "ಮಿಸ್, ಇದಕ್ಕೂ ಹುರುಪೆ ಇದೆ, ಹಾವಿನ ಪಕ್ಕ ಅಂಟಿಸ್ಲಾ?" ಎಂದ. ಪಕ್ಕದ ಹುಡುಗಿ "ಅದು ಮರಿ ಹಾಕುತ್ತೆ ಕಣೋ, ಹಸು ಪಕ್ಕ ಅಂಟಿಸು" ಎಂದಳು. ಇಬ್ಬರಿಗೂ ಜಗಳ. ಚಿತ್ರ ಸದ್ಯಕ್ಕೆ ನನ್ನ ಟೇಬಲ್ ಮೇಲಿದೆ. ಇಷ್ಟು ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಎಷ್ಟರ ಮಟ್ಟಿಗೆ ಹೇಳಬೇಕು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಳೇ ಮೇಷ್ಟ್ರು

ಏನೂ ಮಾಡುತ್ತಿರಲಿಲ್ಲಮ್ಮ. ಚಿತ್ರ ಟೇಬಲ್ ಮೇಲೇ ಇರಲಿ. ಆರೇಳು ವರ್ಷದ ಮಕ್ಕಳಿಗೆ ಮೊದಲು ನಿಯಮ ಗಟ್ಟಿಯಾಗಬೇಕು. ಸಸ್ತನಿಗೆ ಕೂದಲು, ಹಕ್ಕಿಗೆ ಗರಿ, ಸರೀಸೃಪಕ್ಕೆ ಒಣ ಹುರುಪೆ, ಮೀನಿಗೆ ಒದ್ದೆ ಹುರುಪೆ, ಕಪ್ಪೆ ಜಾತಿಗೆ ತೇವದ ಚರ್ಮ. ಇಷ್ಟು ಬಾಯಿಗೆ ಬಂದರೆ ಸಾಕು. ಚಿಪ್ಪುಹಂದಿ, ಬಾವಲಿ, ಡಾಲ್ಫಿನ್ ಎಲ್ಲ ಐದನೇ ಕ್ಲಾಸಿಗೆ ಬರಲಿ. ವಿಚಿತ್ರವಾದದ್ದನ್ನೇ ಮೊದಲು ತೋರಿಸಿದರೆ ಮಕ್ಕಳಿಗೆ ಅದೇ ನೆನಪಿರುತ್ತದೆ, ನಿಯಮ ಮರೆತುಹೋಗುತ್ತದೆ.

ಎರಡು ಮಕ್ಕಳ ಅಪ್ಪ

ಮೇಷ್ಟ್ರೇ, ಮಕ್ಕಳು ನಮಗಾಗಿ ಐದನೇ ಕ್ಲಾಸಿನವರೆಗೆ ಕಾಯೋದಿಲ್ಲ ಅಲ್ವಾ? ನಮ್ಮನೆ ಹುಡುಗಿ ಯುಕೆಜಿಯಲ್ಲೇ ಕೇಳಿದಳು, ಎಮ್ಮೆಗೆ ಕೂದಲೆಲ್ಲಿ ಅಂತ. ಸುಮ್ನೆ ಇರು ಅನ್ನೋಕಾಗುತ್ತಾ?

ದನದ ಡಾಕ್ಟರ್

ಟೀಚರ್, ಆ ಹುಡುಗಿ ಹೇಳಿದ್ದು ಸರಿ. ಆದರೆ ಹುಡುಗ ನೋಡಿದ್ದೂ ಸುಳ್ಳಲ್ಲ. ಇಬ್ಬರಿಗೂ ಶಭಾಷ್ ಹೇಳಿ.

ಚಿಪ್ಪುಹಂದಿ ಸಸ್ತನಿ. ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಹಾಲು ಕುಡಿಸುತ್ತದೆ, ಮರಿಯನ್ನು ಬಾಲದ ಬುಡದ ಮೇಲೆ ಕೂರಿಸಿಕೊಂಡು ಓಡಾಡುತ್ತದೆ. ಹುಟ್ಟಿದ ಮರಿಯ ಚಿಪ್ಪು ಮೆತ್ತಗಿರುತ್ತದೆ, ಕೆಲವೇ ದಿನದಲ್ಲಿ ಗಟ್ಟಿಯಾಗುತ್ತದೆ. ಹೊಟ್ಟೆಯ ಕೆಳಗೆ ಚಿಪ್ಪಿಲ್ಲ, ಅಲ್ಲಿ ಕೂದಲಿದೆ. ನಮ್ಮ ಕಡೆಯ ಚಿಪ್ಪುಹಂದಿಗೆ ಚಿಪ್ಪುಗಳ ಸಂದಿನಲ್ಲೂ ಒರಟು ಕೂದಲು ಇಣುಕುತ್ತದೆ. ಹಾಗಾಗಿ ಕೂದಲಿನ ಕಾಲಂನಲ್ಲಿ ಅಂಟಿಸಿದರೂ ಮೋಸವೇನಿಲ್ಲ. ಹೆದರಿದಾಗ ಉಂಡೆಯಾಗಿ ಸುತ್ತಿಕೊಳ್ಳುತ್ತದಲ್ಲ, ಅದು ಆ ಮೆತ್ತನೆಯ ಹೊಟ್ಟೆಯನ್ನು ಮುಚ್ಚಿಕೊಳ್ಳಲಿಕ್ಕೇ.

ಆ ಚಿಪ್ಪು ಆಗಿರುವುದು ಕೆರಾಟಿನ್‌ನಿಂದ. ನಮ್ಮ ಉಗುರು, ಕೂದಲು, ಹಸುವಿನ ಗೊರಸು, ಕೊಂಬಿನ ಹೊರಗವಚ, ಕೋಳಿಯ ಗರಿ ಮತ್ತು ಕೊಕ್ಕು, ಹಾವಿನ ಪೊರೆ ಎಲ್ಲವೂ ಅದೇ ವಸ್ತು. ಘೇಂಡಾಮೃಗದ ಕೊಂಬು ಕೂಡ. ಒಂದೇ ವಸ್ತು ಬೇರೆ ಬೇರೆ ಮೈಯಲ್ಲಿ ಬೇರೆ ಬೇರೆ ರೂಪ ಪಡೆದಿದೆ. ಮಕ್ಕಳಿಗೆ ಕೆರಾಟಿನ್ ಅನ್ನೋ ಹೆಸರು ಬೇಡ. "ನಿನ್ನ ಉಗುರು ಮುಟ್ಟಿ ನೋಡು, ಚಿಪ್ಪುಹಂದಿ ಮೈಯೆಲ್ಲ ಅದೇ" ಎಂದರೆ ಸಾಕು.

ಹಳೇ ಮೇಷ್ಟ್ರು

ಡಾಕ್ಟ್ರೇ, ಹಾಗಾದರೆ ಮೀನಿನ ಹುರುಪೆಯೂ ಉಗುರೇ ಆಯಿತಲ್ಲ? ನೋಡಿ, ಇಲ್ಲೇ ಗೊಂದಲ ಶುರುವಾಗೋದು.

ದನದ ಡಾಕ್ಟರ್

ಇಲ್ಲ ಸರ್, ಅದು ಬೇರೆ. ಮೀನಿನ ಹುರುಪೆ ಎಲುಬಿನ ಜಾತಿಗೆ ಸೇರಿದ್ದು, ಚರ್ಮದ ಒಳಪದರದಿಂದ ಬರುತ್ತದೆ. ಹಾವಿನದು ಚರ್ಮದ ಹೊರಪದರವೇ ಮಡಿಚಿ ದಪ್ಪಗಾಗಿರೋದು. ಕಡಲ ಕಡೆಯವರು ಯಾರಾದರೂ ಇದ್ದರೆ ಇದನ್ನು ನನಗಿಂತ ಚೆನ್ನಾಗಿ ತೋರಿಸಬಲ್ಲರು.

ಮಲ್ಪೆ ಕಡಲತಡಿ

ಇದ್ದೇನೆ ಡಾಕ್ಟ್ರೇ. ಮೀನು ಮಾಡುವ ಮನೆಯ ಮಕ್ಕಳಿಗೆ ಇದನ್ನು ಹೇಳಿಕೊಡೋದೇ ಬೇಡ. ಕತ್ತಿಯನ್ನು ಬಾಲದಿಂದ ತಲೆಯ ಕಡೆಗೆ ಎಳೆದರೆ ಹುರುಪೆ ಒಂದೊಂದಾಗಿ ಸಿಡಿಯುತ್ತದೆ. ತಲೆಯಿಂದ ಬಾಲಕ್ಕೆ ಎಳೆದರೆ ಕತ್ತಿ ಜಾರಿಹೋಗುತ್ತದೆ, ಏನೂ ಬರೋದಿಲ್ಲ. ಯಾಕೆಂದರೆ ಹುರುಪೆ ಜೋಡಿಸಿರೋದು ಮಾಡಿನ ಹಂಚಿನ ಹಾಗೆ, ಒಂದರ ತುದಿ ಇನ್ನೊಂದರ ಮೇಲೆ, ತೆರೆದ ಬದಿ ಬಾಲದ ಕಡೆಗೆ. ನೀರು ಮೇಲಿಂದ ಜಾರಿಹೋಗಬೇಕಲ್ಲ.

ನಿಮ್ಮ ಬಯಲುಸೀಮೆ ಕಡೆ ರೋಹು, ಕಾಟ್ಲಾ ಸಿಗುತ್ತದೆ ಅಲ್ವಾ ಟೀಚರ್? ಅಂಗಡಿಯವರ ಹತ್ತಿರ ಒಂದು ಹಿಡಿ ಹುರುಪೆ ಕೇಳಿ, ಸುಮ್ನೆ ಕೊಡುತ್ತಾರೆ, ಅವರಿಗೆ ಅದು ಕಸ. ಸೋಪಿನ ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಗೆರೆಗಳು ಸುತ್ತಿಕೊಂಡಿರೋದು ಕಾಣುತ್ತದೆ. ಮೀನು ಬೆಳೆದ ಹಾಗೆ ಹುರುಪೆಯೂ ಬೆಳೆಯುತ್ತದೆ. ಆ ಗೆರೆ ನೋಡಿ ಮೀನಿನ ವಯಸ್ಸು ಲೆಕ್ಕ ಹಾಕುವವರಿದ್ದಾರೆ. ಒಂದು ಲೆನ್ಸ್ ಇದ್ದರೆ ಮಕ್ಕಳು ಅರ್ಧ ಗಂಟೆ ಅಲ್ಲಾಡೋದಿಲ್ಲ.

ಎಲ್ಲ ಮೀನಿಗೂ ಹುರುಪೆ ಇರೋದಿಲ್ಲ ಅನ್ನೋದೂ ಗೊತ್ತಿರಲಿ. ಉದ್ದದ ಬೆಳ್ಳಿ ಬಣ್ಣದ ಪಾಂಬೋಲ್ ಮೀನಿಗೆ ಒಂದೂ ಇಲ್ಲ. ಮೀಸೆ ಇರುವ ಕ್ಯಾಟ್‌ಫಿಶ್‌ಗೂ ಇಲ್ಲ, ಬರೀ ಲೋಳೆ ಚರ್ಮ. ಶಾರ್ಕ್‌ನ ಮೈ ತಲೆಯಿಂದ ಬಾಲಕ್ಕೆ ಸವರಿದರೆ ನುಣುಪು, ಉಲ್ಟಾ ಸವರಿದರೆ ಮರಳು ಕಾಗದ. ಅದರ ಚರ್ಮದ ತುಂಬ ಹಲ್ಲಿನ ರಚನೆಯದೇ ಪುಟ್ಟ ಮುಳ್ಳುಗಳಿವೆ.

ಎರಡು ಮಕ್ಕಳ ಅಪ್ಪ

ಶೃಂಗೇರಿ ತುಂಗೆಯ ಮೀನು, ಶಿಶಿಲದ ಕಪಿಲಾ ಹೊಳೆಯ ಮೀನು ನೋಡಿದವರಿಗೆ ಹುರುಪೆ ಬಗ್ಗೆ ಹೇಳಬೇಕಾಗಿಲ್ಲ. ಅಲ್ಲಿರುವ ಮಹಶೀರ್ ಮೀನಿನ ಹುರುಪೆ ಅಷ್ಟು ದೊಡ್ಡದು, ಮೆಟ್ಟಿಲ ಮೇಲೆ ನಿಂತರೆ ನೀರೊಳಗೆ ಒಂದೊಂದೂ ಬೇರೆಯಾಗಿ ಕಾಣುತ್ತದೆ. ದೇವರ ಮೀನು, ಹಿಡಿಯುವ ಹಾಗಿಲ್ಲ. ಹಾಗಾಗಿ ಹೆದರಿಕೆಯಿಲ್ಲದೆ ಹತ್ತಿರ ಬರುತ್ತವೆ. ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಶಾಲೆಯವರು ಇದನ್ನು ಪಾಠಕ್ಕೆ ಬಳಸಿಕೊಳ್ಳಬಹುದು.

ಆಗುಂಬೆ ಮಳೆ

ಹಾವಿನ ವಿಷಯ ನಾನು ಹೇಳುತ್ತೇನೆ. ಮೀನಿಗೂ ಹಾವಿಗೂ ಇರುವ ವ್ಯತ್ಯಾಸ ತೋರಿಸಲಿಕ್ಕೆ ಹಾವಿನ ಪೊರೆಗಿಂತ ಒಳ್ಳೆಯ ವಸ್ತು ಇಲ್ಲ. ಮೀನಿನ ಹುರುಪೆ ಬಿಡಿ ಬಿಡಿ. ಹಾವಿನ ಪೊರೆ ಇಡೀ ಮೈಗೆ ಒಂದೇ ತುಂಡು, ಒಳಗೆ ಹೊರಗಾಗಿ ಮಗುಚಿ ಬಿದ್ದಿರುತ್ತದೆ. ಮೂತಿಯನ್ನು ಕಲ್ಲಿಗೆ ಉಜ್ಜಿ ಬಿಡಿಸಿಕೊಂಡು ಹಾವು ಅದರಿಂದ ಮುಂದೆ ಹರಿದುಹೋಗುತ್ತದೆ.

ಪೊರೆ ಸಿಕ್ಕರೆ ಮೂರು ಕಡೆ ನೋಡಿಸಿ. ಬೆನ್ನಿನ ಮೇಲೆ ಸಣ್ಣ ಹುರುಪೆ. ಹೊಟ್ಟೆ ಕೆಳಗೆ ಅಗಲದ ಪಟ್ಟಿ, ಒಂದರ ಹಿಂದೆ ಒಂದು. ನೆಲ ಹಿಡಿದು ಮುಂದೆ ಸರಿಯೋದು ಅದರಿಂದಲೇ. ಆಮೇಲೆ ತಲೆಯ ಭಾಗ ಹರಿಯದೆ ಉಳಿದಿದ್ದರೆ ಕಣ್ಣಿನ ಜಾಗ ನೋಡಿ. ಅಲ್ಲಿ ತೂತು ಇರೋದಿಲ್ಲ, ಗಾಜಿನಷ್ಟು ತಿಳಿಯಾದ ಎರಡು ಪುಟ್ಟ ಮುಚ್ಚಳ ಇರುತ್ತವೆ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೂ ಪಾರದರ್ಶಕ ಹುರುಪೆ ಇದೆ, ಪೊರೆಯ ಜೊತೆ ಅದೂ ಬಿಚ್ಚಿ ಬರುತ್ತದೆ. ಪೊರೆ ಬಿಡುವ ಮೊದಲು ಹಾವಿನ ಕಣ್ಣು ಮಂಜಾಗೋದು ಇದಕ್ಕೇ. ಮಕ್ಕಳು ಇದನ್ನು ನೋಡಿದರೆ "ಹಾವು ಕಣ್ಣು ಮಿಟುಕಿಸೋದೇ ಇಲ್ವಾ" ಅಂತ ತಾವಾಗಿಯೇ ಕೇಳುತ್ತಾರೆ.

ಇನ್ನೊಂದು, ಹಾವಿನ ಮೈ ಲೋಳೆ ಅಲ್ಲ. ಒಣಗಿರುತ್ತದೆ. ಅರ್ಧಕ್ಕರ್ಧ ದೊಡ್ಡವರಿಗೂ ಇದು ಗೊತ್ತಿಲ್ಲ. ಲೋಳೆ ಇರೋದು ಮೀನಿಗೆ, ಕಪ್ಪೆಗೆ.

ಶಿಡ್ಲಘಟ್ಟ ಟೀಚರ್

ಅಣ್ಣ, ಪೊರೆ ಮುಟ್ಟಿದರೆ ಪರವಾಗಿಲ್ವಾ? ಪೋಷಕರು ಗಲಾಟೆ ಮಾಡಿದರೆ ಕಷ್ಟ. ಮತ್ತೆ ಕಪ್ಪೆ ತಂದು ತೋರಿಸಬಹುದಾ?

ಆಗುಂಬೆ ಮಳೆ

ಪೊರೆಯಲ್ಲಿ ವಿಷ ಇರೋದಿಲ್ಲ. ಕೈ ಮಾತ್ರ ಸೋಪು ಹಾಕಿ ತೊಳೆಸಿ. ಪಾರದರ್ಶಕ ಕವರಿನಲ್ಲಿ ಹಾಕಿ ತೋರಿಸಿದರೆ ಇನ್ನೂ ಒಳ್ಳೆಯದು, ಪೊರೆಯೂ ಹರಿಯೋದಿಲ್ಲ. ಪೊರೆ ಹುಡುಕಲಿಕ್ಕೆ ಅಂತ ಮಕ್ಕಳನ್ನು ಪೊದೆಗೆ ಕಳಿಸಬೇಡಿ ಅಷ್ಟೇ.

ಕಪ್ಪೆಯನ್ನು ಹಿಡಿಯುವುದು ಬೇಡ ಅಕ್ಕ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರನ್ನು ಬಾಯಿಂದ ಕುಡಿಯದೆ ಚರ್ಮದಿಂದಲೇ ಹೀರಿಕೊಳ್ಳುತ್ತದೆ. ನಮ್ಮ ಕೈಯ ಬೆವರು, ಸೋಪು, ಎಣ್ಣೆ ಎಲ್ಲ ಅದರ ಮೈಗೆ ಸೇರುತ್ತದೆ. ಗದ್ದೆಗೆ ಹೊಡೆದ ಔಷಧಿ ಕಪ್ಪೆಗಳಿಗೆ ಬೇಗ ತಾಗೋದೂ ಇದರಿಂದಲೇ. ನೆಲಗಪ್ಪೆಯ ಕಣ್ಣಿನ ಹಿಂದೆ ಉಬ್ಬಿರುವ ಗ್ರಂಥಿಯಲ್ಲಿ ವಿಷದ ರಸವೂ ಇರುತ್ತದೆ. ಮಳೆ ಬಂದ ಮಾರನೇ ದಿನ ಶಾಲೆ ಹಿಂದಿನ ಗುಂಡಿ ಹತ್ತಿರ ನಿಂತು ನೋಡಿದರೆ ಸಾಕು.

ಚಳ್ಳಕೆರೆ ಕುರಿಹಟ್ಟಿ

ಎಲ್ಲರೂ ಹಾವು, ಮೀನು ಅಂತ ಹೋದಿರಿ. ಕೂದಲಿನ ಕಾಲಂನಲ್ಲೇ ಎಷ್ಟು ತರಹ ಇದೆ ನೋಡಿ. ನಮ್ಮ ಕಡೆ ಡೆಕ್ಕನಿ ಕುರಿಯ ಒರಟು ಉಣ್ಣೆ ಕತ್ತರಿಸಿ, ನೂತು, ಕಂಬಳಿ ನೇಯುತ್ತೇವೆ. ಮಳವಳ್ಳಿ ಕಡೆಯ ಬಂಡೂರು ಕುರಿಗೆ ಆ ಉಣ್ಣೆ ಇಲ್ಲ, ಮೈ ಮೇಲೆ ಗಿಡ್ಡ ಕೂದಲು. ಅದನ್ನು ಸಾಕೋದು ಮಾಂಸಕ್ಕೆ. ಎರಡೂ ಕುರಿಯೇ. ಉಣ್ಣೆ ಸುರುಳಿ ಸುರುಳಿಯಾಗಿರುತ್ತೆ, ಸಂದಿನಲ್ಲಿ ಗಾಳಿ ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿ ಚಳಿ ಒಳಗೆ ಬರೋದಿಲ್ಲ. ಕಂಬಳಿ ಹೊದ್ದು ಮಳೆಯಲ್ಲಿ ನಿಂತರೂ ಬೇಗ ನೆನೆಯೋದಿಲ್ಲ, ಉಣ್ಣೆಯಲ್ಲಿ ಜಿಡ್ಡಿನ ಅಂಶ ಇರುತ್ತೆ.

ಮಕ್ಕಳ ಕೈಗೆ ಕತ್ತರಿಸಿದ ಉಣ್ಣೆಯ ಒಂದು ಹಿಡಿ ಕೊಡಿ. ಜಿಡ್ಡು ಕೈಗೇ ಹತ್ತುತ್ತೆ. ಆಮೇಲೆ ಮೇಕೆ ಕೂದಲು ಕೊಡಿ. ಆಮೇಲೆ ಅವರ ತಲೆಕೂದಲು ಅವರೇ ಮುಟ್ಟಿಕೊಳ್ಳಲಿ.

ದನದ ಡಾಕ್ಟರ್

ಒಳ್ಳೆಯ ಮಾತು. ಮುಳ್ಳುಹಂದಿಯ ಮುಳ್ಳನ್ನೂ ಇದೇ ಸಾಲಿಗೆ ಸೇರಿಸಿ. ಅದೂ ಕೂದಲೇ, ದಪ್ಪಗಾಗಿ ಗಟ್ಟಿಯಾದ ಕೂದಲು. ಮುಳ್ಳುಹಂದಿ ಮುಳ್ಳನ್ನು ಬಾಣ ಬಿಟ್ಟಂತೆ ಎಸೆಯುತ್ತದೆ ಅನ್ನೋ ಕಥೆ ಇನ್ನೂ ಊರೂರಲ್ಲಿ ಇದೆ. ಹಾಗೇನಿಲ್ಲ. ಬಾಲ ಅಲುಗಿಸಿ ಸದ್ದು ಮಾಡಿ ಹೆದರಿಸುತ್ತದೆ, ಆಗದಿದ್ದರೆ ಹಿಂದಕ್ಕೆ ನುಗ್ಗುತ್ತದೆ. ಮುಳ್ಳು ಸುಲಭವಾಗಿ ಕಳಚಿ ಎದುರಿನವನ ಮೈಯಲ್ಲಿ ಉಳಿದುಬಿಡುತ್ತದೆ. ನಾಯಿಗಳ ಮೂತಿಯಿಂದ ಇಕ್ಕಳ ಹಿಡಿದು ಅದನ್ನು ಕಿತ್ತಿದ್ದೇನೆ.

ಎಮ್ಮೆ ವಿಷಯ ಕೇಳಿದ ಹುಡುಗಿಗೆ: ಎಮ್ಮೆಗೂ ಕೂದಲಿದೆ, ಕಡಿಮೆ, ಅಲ್ಲಲ್ಲಿ. ಕರುವಿಗೆ ಜಾಸ್ತಿ, ದೊಡ್ಡದಾದಂತೆ ತೆಳುವಾಗುತ್ತದೆ. ಕಪ್ಪು ಚರ್ಮ ಬಿಸಿಲು ಹೀರುತ್ತದೆ, ಬೆವರಿನ ಗ್ರಂಥಿ ಹಸುವಿಗಿಂತ ಕಡಿಮೆ. ಅದಕ್ಕೇ ಎಮ್ಮೆ ಮಧ್ಯಾಹ್ನ ಕೆರೆ ಬಿಟ್ಟು ಏಳೋದಿಲ್ಲ. ಮೈಗೆ ಮೆತ್ತಿಕೊಂಡ ಕೆಸರೇ ಅದರ ಎರಡನೇ ಹೊದಿಕೆ. ಆನೆಯದೂ ಹಾಗೇ. ಸಕ್ರೆಬೈಲಿನಲ್ಲಿ ಆನೆ ಸ್ನಾನ ಮಾಡಿಸುವಾಗ ಮರಿಯ ತಲೆ ನೋಡಿ, ಒರಟು ಕೂದಲು ನೆಟ್ಟಗೆ ನಿಂತಿರುತ್ತದೆ.

ಮೆಲ್ಬರ್ನ್ ಅಮ್ಮ

ಈ ಚರ್ಚೆ ಓದಿ ಖುಷಿಯಾಯಿತು. ಇಲ್ಲಿ ನಮ್ಮ ಮಕ್ಕಳಿಗೆ ಎಕಿಡ್ನಾ ಅನ್ನೋದು ಗೊತ್ತು. ಮೈ ತುಂಬ ಮುಳ್ಳು, ಮುಳ್ಳಿನ ಮಧ್ಯೆ ತುಪ್ಪಳ. ಮೊಟ್ಟೆ ಇಡುತ್ತದೆ, ಮರಿಗೆ ಹಾಲೂ ಕುಡಿಸುತ್ತದೆ. "ಮೊಟ್ಟೆ ಇಟ್ಟರೆ ಸಸ್ತನಿ ಅಲ್ಲ" ಎಂದು ನಾನು ಓದಿಕೊಂಡು ಬಂದದ್ದು ಇಲ್ಲಿ ನಡೆಯೋದಿಲ್ಲ. ಹಾಗಾಗಿ ಮನೆಯಲ್ಲಿ ಕನ್ನಡದಲ್ಲಿ ಹೇಳಿಕೊಡುವಾಗ ನಾನು "ಹಾಲು ಕುಡಿಸುತ್ತಾ?" ಅನ್ನೋ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಕೂದಲು ಸುಳಿವು, ಹಾಲು ಸಾಕ್ಷಿ.

ಹಳೇ ಮೇಷ್ಟ್ರು

ತಾಯಿ, ಆಸ್ಟ್ರೇಲಿಯಾದ ಪ್ರಾಣಿ ಶಿಡ್ಲಘಟ್ಟದ ಮಕ್ಕಳಿಗೆ ಯಾಕೆ? ಆದರೆ "ಕೂದಲು ಸುಳಿವು, ಹಾಲು ಸಾಕ್ಷಿ" ಅನ್ನೋದು ಚೆನ್ನಾಗಿದೆ. ಅದನ್ನು ಬೋರ್ಡಿನ ಮೇಲೆ ಬರೆಯಬಹುದು.

ಒಂದು ಮಾತು ಒಪ್ಪುತ್ತೇನೆ. ನಮ್ಮ ಕಾಲದಲ್ಲಿ ಚಾರ್ಟಿನಲ್ಲಿ ಮೈಹೊದಿಕೆಯೂ ಗುಂಪೂ ಒಂದೇ ಅನ್ನೋ ಹಾಗೆ ಬರೆಯುತ್ತಿದ್ದೆವು. ಟೀಚರ್ ಎಳೆದ ನಾಲ್ಕು ಕಾಲಂನಲ್ಲಿ ಮೀನು, ಹಾವು ಒಂದೇ ಕಡೆ ಬಂದಿವೆ, ಅವು ಒಂದೇ ಗುಂಪಲ್ಲ. ಅಲ್ಲಿಗೆ ಕಾಲಂ ಬೇರೆ, ಗುಂಪು ಬೇರೆ ಅಂತಾಯಿತು. ಇಷ್ಟನ್ನು ಮೂರನೇ ಕ್ಲಾಸಿಗೆ ಹೇಳಬಹುದು. ಒಂದನೇ ಕ್ಲಾಸಿಗೆ ಮಾತ್ರ ಈಗಲೂ ಬೇಡ ಅಂತಲೇ ನನ್ನ ವಾದ.

ಎರಡು ಮಕ್ಕಳ ಅಪ್ಪ

ಗರಿಯ ಕಾಲಂನಲ್ಲಿ ಮಾತ್ರ ಜಗಳವಿಲ್ಲ ಅನ್ನಿ. ಗರಿ ಇದೆ ಅಂದರೆ ಹಕ್ಕಿ, ಮುಗಿಯಿತು.

ದನದ ಡಾಕ್ಟರ್

ಈಗ ಬದುಕಿರುವ ಪ್ರಾಣಿಗಳ ಮಟ್ಟಿಗೆ ನಿಜ, ಗರಿ ಇರೋದು ಹಕ್ಕಿಗೆ ಮಾತ್ರ. ಹಾರಬೇಕಂತಲೂ ಇಲ್ಲ, ಎಮು, ಪೆಂಗ್ವಿನ್ ಎರಡಕ್ಕೂ ಗರಿಯೇ. ಬಾವಲಿ ಹಾರುತ್ತದೆ, ಆದರೆ ಅದರ ರೆಕ್ಕೆ ಉದ್ದ ಬೆರಳುಗಳ ನಡುವೆ ಎಳೆದ ಚರ್ಮ, ಮೈಮೇಲೆ ತುಪ್ಪಳ. ಹಾರೋದು ನೋಡಿ ಹಕ್ಕಿ ಅನ್ನಬಾರದು.

ಆದರೆ ಹಕ್ಕಿಯ ಕಾಲು ನೋಡಿದ್ದೀರಾ? ಕೋಳಿ ಕಾಲಿನ ಮೇಲೆ ಸಾಲಾಗಿ ಇರೋದು ಹುರುಪೆಯೇ. ಒಂದೇ ಕೋಳಿ ಮೇಲೆ ಗರಿ, ಕೆಳಗೆ ಹುರುಪೆ, ತಲೆ ಮೇಲೆ ಬರೀ ಚರ್ಮದ ಜುಟ್ಟು. ನಾಲ್ಕರಲ್ಲಿ ಮೂರು ಕಾಲಂ ಒಂದೇ ಕೋಳಿಯಲ್ಲಿ ಸಿಗುತ್ತದೆ.

ಗರಿಯನ್ನು ಕೈಯಲ್ಲಿ ಹಿಡಿದು ಮಾಡಿಸುವ ಒಂದು ಕೆಲಸ ಇದೆ. ಕೋಳಿಯ ರೆಕ್ಕೆಯ ಗಟ್ಟಿ ಗರಿ ತೆಗೆದುಕೊಳ್ಳಿ. ಅಂಚನ್ನು ಬೆರಳಿಂದ ಎಳೆದರೆ ಎಳೆ ಎಳೆಯಾಗಿ ಬಿರುಕು ಬಿಡುತ್ತದೆ. ಬುಡದಿಂದ ತುದಿಗೆ ಎರಡು ಬೆರಳಲ್ಲಿ ನೇವರಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ, ಬಿರುಕು ಕಾಣೋದೇ ಇಲ್ಲ. ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಹಕ್ಕಿ ದಿನವಿಡೀ ಕೊಕ್ಕಿನಿಂದ ಗರಿ ತೀಡುತ್ತಾ ಕೂತಿರುತ್ತದಲ್ಲ, ಈ ಕೊಕ್ಕೆ ಸರಿಮಾಡೋದೂ ಅದರಲ್ಲಿ ಒಂದು. ಈಗ ಎದೆಯ ಮೆತ್ತನೆ ಪುಕ್ಕ ತೆಗೆದುಕೊಂಡು ಅದೇ ಮಾಡಿ. ಕೂಡೋದಿಲ್ಲ. ಅದರಲ್ಲಿ ಕೊಕ್ಕೆಗಳಿಲ್ಲ, ಅದರ ಕೆಲಸ ಮೈ ಬೆಚ್ಚಗಿಡೋದು. ಗರಿಗಳನ್ನು ಮೊದಲು ತೊಳೆದು ಬಿಸಿಲಲ್ಲಿ ಒಣಗಿಸಿ, ಹೇನು ಇರುತ್ತವೆ.

ಆಗುಂಬೆ ಮಳೆ

ನವಿಲುಗರಿಯನ್ನೂ ತರಬಹುದು, ಬಿದ್ದದ್ದಾದರೆ. ಮಳೆಗಾಲ ಮುಗಿಯುವಾಗ ಗಂಡು ನವಿಲು ಗರಿ ಉದುರಿಸುತ್ತದೆ. ಆದಿಚುಂಚನಗಿರಿ ಕಡೆ ಹೋದವರಿಗೆ ಗೊತ್ತಿರುತ್ತದೆ. ಅದರಲ್ಲಿ ಎಳೆಗಳು ಬಿಡಿ ಬಿಡಿ ಇರೋದನ್ನು ಕೋಳಿ ಗರಿಯ ಪಕ್ಕ ಇಟ್ಟು ತೋರಿಸಿ.

ಆದರೆ ಚಿಪ್ಪುಹಂದಿಯ ಚಿಪ್ಪು, ಯಾವುದೇ ಕಾಡುಪ್ರಾಣಿಯ ಉಗುರು, ಚರ್ಮ ಯಾರ ಮನೆಯಲ್ಲಿದ್ದರೂ ಶಾಲೆಗೆ ತರಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ ಅದು. 2023ರಲ್ಲಿ ಹುಲಿ ಉಗುರಿನ ಪೆಂಡೆಂಟ್ ಎಷ್ಟು ದೊಡ್ಡ ಸುದ್ದಿಯಾಯಿತು ನೆನಪಿದೆಯಲ್ಲ? ಚಿಪ್ಪಿನ, ಮಾಂಸದ ಆಸೆಗೆ ಈ ಪ್ರಾಣಿಯನ್ನು ಏಷ್ಯಾ, ಆಫ್ರಿಕಾದಲ್ಲಿ ಕೊಲ್ಲುತ್ತಾರೆ. ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಲ್ಲಿಸಬೇಕೆಂದು 2016ರಲ್ಲಿ ವನ್ಯಜೀವಿ ವ್ಯಾಪಾರದ ಒಪ್ಪಂದಕ್ಕೆ (CITES) ಸೇರಿದ ದೇಶಗಳ ಜೋಹಾನ್ಸ್‌ಬರ್ಗ್ ಸಭೆಯಲ್ಲಿ ತೀರ್ಮಾನವಾಯಿತು. ಔಷಧಿ ಅಂತ ಜನ ದುಡ್ಡು ಕೊಡೋದು ಉಗುರಿನ ಚೂರಿಗೆ.

ಮಲ್ಪೆ ಕಡಲತಡಿ

ಟೀಚರ್, ನಿಮ್ಮ ಚಾರ್ಟಿನಲ್ಲಿ ಬೆನ್ನೆಲುಬು ಇಲ್ಲದವಕ್ಕೆ ಜಾಗವೇ ಇಲ್ಲವಲ್ಲ. ಏಡಿ, ಸಿಗಡಿ ಎಲ್ಲಿ ಹೋಗಬೇಕು? ಅವುಗಳ ಚಿಪ್ಪು ಮೈಯ ಜೊತೆ ಬೆಳೆಯೋದಿಲ್ಲ. ಮೈ ದೊಡ್ಡದಾದಾಗ ಹಳೆಯದನ್ನು ಬಿಟ್ಟು ಹೊರಗೆ ಬರಬೇಕು. ಆಗಷ್ಟೇ ಚಿಪ್ಪು ಬಿಟ್ಟ ಏಡಿ ಮೆತ್ತಗಿರುತ್ತದೆ, ಬಿಲದಲ್ಲಿ ಅಡಗಿ ಕೂತಿರುತ್ತದೆ. ಬಸವನಹುಳು ಹಾಗಲ್ಲ, ಚಿಪ್ಪಿನ ಬಾಯಿಯ ಅಂಚಿಗೇ ಸುಣ್ಣ ಸೇರಿಸುತ್ತಾ ಮನೆ ದೊಡ್ಡದು ಮಾಡಿಕೊಳ್ಳುತ್ತದೆ.

ಮೆಲ್ಬರ್ನ್ ಅಮ್ಮ

ಆಮೆ? ನನ್ನ ಮಗ ಕೇಳುತ್ತಿದ್ದಾನೆ, ಆಮೆ ಚಿಪ್ಪು ಬಿಚ್ಚಿಟ್ಟು ಸ್ನಾನ ಮಾಡುತ್ತದಾ ಅಂತ. ಕಾರ್ಟೂನಿನಲ್ಲಿ ಹಾಗೆ ತೋರಿಸುತ್ತಾರೆ.

ದನದ ಡಾಕ್ಟರ್

ಬಿಚ್ಚಲಿಕ್ಕಾಗೋದಿಲ್ಲ ಪುಟ್ಟ. ಆಮೆಯ ಬೆನ್ನೆಲುಬು, ಪಕ್ಕೆಲುಬು ಎಲ್ಲ ಚಿಪ್ಪಿಗೇ ಬೆಸೆದುಕೊಂಡಿವೆ. ಚಿಪ್ಪು ಅದರ ಅಸ್ಥಿಪಂಜರದ ಭಾಗ. ಮೇಲೆ ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ.

ಹಿಪ್ಪುನೇರಳೆ ತೋಟ

ನಾನು ಸುಮ್ನೆ ಓದುತ್ತಿದ್ದೆ, ಈಗ ತಡೆಯಲಾಗಲಿಲ್ಲ. ಟೀಚರ್, ಶಿಡ್ಲಘಟ್ಟದಲ್ಲಿ ಕೂತು ಪೊರೆ ಬಿಡೋದು ತೋರಿಸಲಿಕ್ಕೆ ಹಾವು, ಏಡಿ ಹುಡುಕುತ್ತೀರಾ? ನಿಮ್ಮ ಕ್ಲಾಸಿನ ಎಷ್ಟೋ ಮಕ್ಕಳ ಮನೆಯಲ್ಲೇ ತಟ್ಟೆ ತುಂಬ ನಡೀತಿರುತ್ತೆ. ರೇಷ್ಮೆ ಹುಳು ಗೂಡು ಕಟ್ಟೋದರೊಳಗೆ ನಾಲ್ಕು ಜ್ವರ ದಾಟಬೇಕು, ಹುಳು ಪೊರೆ ಬಿಡೋ ಹೊತ್ತಿಗೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟೋದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತೆ. ನಾವೂ ಸೊಪ್ಪು ಹಾಕೋದಿಲ್ಲ, ಹಾಸು ಒಣಗಲಿ ಅಂತ ಸುಣ್ಣದ ಪುಡಿ ಉದುರಿಸಿ ಬಿಟ್ಟುಬಿಡುತ್ತೇವೆ. ಎದ್ದಾಗ ಮೊದಲು ಮೂತಿಯ ಹಳೇ ಟೋಪಿ ಕಳಚಿ ಬೀಳುತ್ತೆ. ಆಮೇಲೆ ಹುಳು ಮುಂದೆ ಮುಂದೆ ಸರಿದ ಹಾಗೆ ಹಳೇ ಚರ್ಮ ಬಾಲದ ಕಡೆ ಮುದುಡಿಕೊಂಡು ಉಳಿಯುತ್ತೆ. ಎದ್ದ ಹುಳುವಿನ ತಲೆ ಮೈಗಿಂತ ದೊಡ್ಡದಾಗಿ ಕಾಣುತ್ತೆ, ಮೈ ಚರ್ಮ ಸಡಿಲವಾಗಿ ಸುಕ್ಕುಸುಕ್ಕಾಗಿರುತ್ತೆ. ಸೊಪ್ಪು ತಿಂದ ಹಾಗೆ ತುಂಬಿಕೊಳ್ಳುತ್ತೆ.

ಮಕ್ಕಳು ಗೂಡನ್ನು ಮೈಹೊದಿಕೆ ಅಂತ ಅಂಟಿಸಿದರೆ ಬಿಡಬೇಡಿ. ಗೂಡು ಅದು ಬಾಯಿಂದ ನೂಲು ಬಿಟ್ಟು ಕಟ್ಟಿಕೊಂಡ ಮನೆ, ಮೈಯ ಭಾಗ ಅಲ್ಲ. ಗೂಡಿಂದ ಬಂದ ಚಿಟ್ಟೆ ಮುಟ್ಟಿದರೆ ಕೈಗೆ ಬಿಳೀ ಪುಡಿ ಹತ್ತುತ್ತಲ್ಲ, ಅದು ಹೊದಿಕೆ.

ದನದ ಡಾಕ್ಟರ್

ಆ ಪುಡಿಯ ಒಂದೊಂದು ಕಣವೂ ಹುರುಪೆಯೇ. ಚಿಟ್ಟೆ, ಪತಂಗಗಳ ರೆಕ್ಕೆಯ ಬಣ್ಣವೆಲ್ಲ ಅದರದ್ದೇ.

ಹಳೇ ಮೇಷ್ಟ್ರು

ಐದನೇ ಹುರುಪೆ! ನಾನು ಸೋತೆ ಅನ್ನೋದಿಲ್ಲ, ಆದರೆ ಹುರುಪೆ ಅನ್ನೋ ಕಾಲಂ ಇನ್ನು ನಂಬಲಿಕ್ಕಾಗೋದಿಲ್ಲ.

ಶಿಡ್ಲಘಟ್ಟ ಟೀಚರ್

ಎಲ್ಲರಿಗೂ ಧನ್ಯವಾದ. ಹೀಗೆ ಮಾಡೋಣ ಅಂದುಕೊಂಡಿದ್ದೇನೆ. ನಾಲ್ಕು ಕಾಲಂ ಹಾಗೇ ಇರಲಿ, ಒಂದನೇ ಕ್ಲಾಸಿನವರು ನೋಡಿದ್ದನ್ನು ನೋಡಿದ ಹಾಗೆ ಅಂಟಿಸಲಿ. ಮೇಷ್ಟ್ರ ಮಾತೂ ಉಳಿಯಿತು. ಮೂರನೇ ಕ್ಲಾಸಿನವರು ಪ್ರತಿ ಚಿತ್ರದ ಮೇಲೆ ಬಣ್ಣದ ಚುಕ್ಕೆ ಇಡಲಿ: ಸಸ್ತನಿಗೆ ಕೆಂಪು, ಹಕ್ಕಿಗೆ ಹಳದಿ, ಸರೀಸೃಪಕ್ಕೆ ಕಂದು, ಕಪ್ಪೆ ಗುಂಪಿಗೆ ಹಸಿರು, ಮೀನಿಗೆ ನೀಲಿ, ಬೆನ್ನೆಲುಬು ಇಲ್ಲದವಕ್ಕೆ ಕಪ್ಪು. ಚಿಪ್ಪುಹಂದಿ ಹುರುಪೆ ಕಾಲಂನಲ್ಲೇ ಇರುತ್ತದೆ, ಕೆಂಪು ಚುಕ್ಕೆ ಹೊತ್ತುಕೊಂಡು. ಜಗಳವಾಡಿದ ಇಬ್ಬರ ಕೈಯಲ್ಲೇ ಅಂಟಿಸುತ್ತೇನೆ.

ಹಿಪ್ಪುನೇರಳೆ ಅಣ್ಣ, ನಿಮ್ಮ ಮನೆ ಹುಳು ಈಗ ಯಾವ ಜ್ವರದಲ್ಲಿವೆ? ಮಕ್ಕಳನ್ನು ಕರೆದುಕೊಂಡು ಬರಬಹುದಾ?

ಹಿಪ್ಪುನೇರಳೆ ತೋಟ

ಮೂರನೇದು ಮುಗಿದಿದೆ ಮೇಡಂ. ನಾಲ್ಕನೇದಕ್ಕೆ ಬನ್ನಿ, ಹುಳು ದೊಡ್ಡದಿರುತ್ತೆ, ಮಕ್ಕಳಿಗೆ ಚೆನ್ನಾಗಿ ಕಾಣುತ್ತೆ. ಏಳೋ ಹೊತ್ತು ನೋಡಿಕೊಂಡು ಹಿಂದಿನ ದಿನ ಹೇಳುತ್ತೇನೆ. ಯಾರೂ ಸೆಂಟು, ಪೌಡರ್ ಹಾಕಿಕೊಂಡು ಬರೋದು ಬೇಡ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರು ಇಟ್ಟಿರುತ್ತೇನೆ, ಕಾಲು ಅದ್ದಿ, ಕೈ ತೊಳೆದು ಒಳಗೆ ಬರಲಿ. ತಟ್ಟೆಗೆ ಐದಾರು ಮಕ್ಕಳಂತೆ ನಿಲ್ಲಿಸೋಣ.